ಇಕ್ಕಳದ ಸದ್ದಿಗೆ ಬೆರಿಲ್ ತಲೆಯೆತ್ತಿದಳು

ನಾನು ಹೇಳುವುದರಲ್ಲಿ ಅರ್ಧ ಸುಳ್ಳು ಎಂದು ಗಿಲ್ಲಂಬಾ ಊರಿಗೆಲ್ಲ ಗೊತ್ತು. ಇದು ಉಳಿದರ್ಧ. ನಂಬಿಕೆ ಬರದವರು ನದಿ ಬೀದಿಯ ಕೊನೆಯ ಮನೆಗೆ ಹೋಗಿ ನೆವ್ ಟ್ರೆಗಾರ್‌ನ ಕೈ ಕುಲುಕಿ ಬನ್ನಿ. ಅವನು ಬಲಗೈಯನ್ನೇ ಚಾಚುತ್ತಾನೆ. ಹೆಬ್ಬೆರಳು, ಉಂಗುರದ ಬೆರಳು, ಕಿರುಬೆರಳು ನಿಮ್ಮ ಕೈ ಹಿಡಿದುಕೊಳ್ಳುತ್ತವೆ. ತೋರುಬೆರಳು, ನಡುಬೆರಳು ಮಾತ್ರ ನೆಟ್ಟಗೆ ನಿಂತು, ನಿಮ್ಮನ್ನು ದಾಟಿ, ಬೀದಿಯಾಚೆ ಯಾರಿಗೋ ದಾರಿ ತೋರಿಸುತ್ತಿರುತ್ತವೆ. ಆ ಎರಡು ಬೆರಳಿನ ಕಥೆ ಇದು.

ನಮ್ಮೂರಿನಲ್ಲಿ ಉಡ ಸಾಕುವುದು ಹೊಸದೇನಲ್ಲ. ಕಾಡಿನ ಉಡಗಳು ಕೋಳಿಗೂಡಿಗೆ ನುಗ್ಗಿ ಮೊಟ್ಟೆ ಕದಿಯುತ್ತವೆ. ಸಾಕಿದ ಉಡಗಳು ಸೋಫಾದ ಮೇಲೆ ಮಲಗಿ ಕ್ರಿಕೆಟ್ ನೋಡುತ್ತವೆ. ಹಲ್ಲು ಮಾತ್ರ ಎರಡಕ್ಕೂ ಒಂದೇ. ಸಾಕುವವರೆಲ್ಲ ಲೈಸೆನ್ಸ್ ಮಾಡಿಸಿಕೊಂಡು, ತಿಂಗಳಿಗೊಮ್ಮೆ ಸಭಾಭವನದಲ್ಲಿ ಸೇರಿ, ಬಿಸಿ ದೀಪ, ಮಣ್ಣು, ಇಲಿ ಎಂದು ಹರಟುತ್ತೇವೆ. ಬೋರ್ಡಿನಲ್ಲಿ ಸರೀಸೃಪ ಸಂಘ ಎಂದಿದೆ. ಊರವರು ಹಲ್ಲಿ ಸಂಘ ಎನ್ನುತ್ತಾರೆ. ಹಲ್ಲಿಯಲ್ಲ, ಹಲ್ಲಿನ ಸಂಘ ಎಂದು ನಾನು ತಿದ್ದುತ್ತಿದ್ದೆ. ಮೊದಲೆಲ್ಲ ಇದಕ್ಕೆ ಜನ ನಗುತ್ತಿದ್ದರು.

ನೆವ್ ಬೇಲಿ ಕಟ್ಟುವವನು. ಕಂಬ ನೆಡುವುದು, ತಂತಿ ಬಿಗಿಯುವುದು, ಅದೇ ಅವನ ಕಸುಬು. ಅವನ ಹೆಂಡತಿ ಗ್ಲೆನಿಸ್ ದನದ ಡಾಕ್ಟರ ಶಾಪಿನಲ್ಲಿ ನರ್ಸ್. ನಾಯಿ, ಬೆಕ್ಕು, ಕುದುರೆ, ಉಡ, ಎಲ್ಲವೂ ಅವಳ ಕೈಯಲ್ಲಿ ಸೂಜಿ ಚುಚ್ಚಿಸಿಕೊಂಡಿವೆ. ಗ್ಲೆನಿಸ್‌ಗೆ ಹುಟ್ಟಿನಿಂದ ಕಿವಿ ಕೇಳಿಸದು. ಅವಳ ಮಾತೆಲ್ಲ ಕೈಯಲ್ಲಿ.

ಮದುವೆಗೆ ಮುಂಚೆ ನೆವ್ ಎಂದರೆ ಬಾಯಿ ಬಿಡದ ಆಸಾಮಿ. ಬಾರಿನಲ್ಲಿ ಕೂತರೆ ಗ್ಲಾಸು ಮಾತಾಡಬೇಕೇ ಹೊರತು ಅವನಲ್ಲ. ಅವಳನ್ನು ಒಲಿಸಿಕೊಳ್ಳಲೆಂದು ಕೈಮಾತು ಕಲಿತನೋ ಇಲ್ಲವೋ, ಮನುಷ್ಯ ವಾಚಾಳಿಯಾಗಿಬಿಟ್ಟ. ಚಾಡಿ, ಜೋಕು, ಹವಾಮಾನ, ಅಕ್ಕಪಕ್ಕದವರ ಸುದ್ದಿ, ಎಲ್ಲ ಹತ್ತು ಬೆರಳಲ್ಲಿ ಸುರಿಯುತ್ತಿತ್ತು. ಅವಳಿಗೊಂದು ಹೆಸರನ್ನೂ ಇಟ್ಟ. ತೋರುಬೆರಳು, ನಡುಬೆರಳನ್ನು ಕೆನ್ನೆಯ ಹತ್ತಿರ ತಂದು, ಎರಡು ಸಲ ಮಡಚಿ ಬಿಚ್ಚುವುದು. ಅವಳು ನಕ್ಕಾಗ ಕೆನ್ನೆಯಲ್ಲಿ ಗುಳಿ ಬೀಳುವುದು ಹಾಗೆಯೇ. ಊರಲ್ಲಿ ನಾವೆಲ್ಲ ಅವಳನ್ನು ಕರೆಯುತ್ತಿದ್ದುದು ಆ ಹೆಸರಿನಿಂದಲೇ. ಆದರೆ ಅದು ನೆವ್ ಇಟ್ಟ ಹೆಸರು. ಅವನ ಬೆರಳಲ್ಲಿ ಬಂದಷ್ಟು ಚೆಂದ ಬೇರೆ ಯಾರ ಬೆರಳಲ್ಲೂ ಬರುತ್ತಿರಲಿಲ್ಲ.

ಅವರ ಮನೆಯಲ್ಲಿದ್ದ ಮೂರನೆಯವಳು ಬೆರಿಲ್. ಮರ ಹತ್ತುವ ಪಟ್ಟೆ ಉಡ. ಮೊಟ್ಟೆಯೊಡೆದು ಬಂದಾಗ ಅಂಗೈ ಮೇಲೆ ಮಲಗುತ್ತಿದ್ದವಳು ಈಗ ಮೂಗಿನಿಂದ ಬಾಲದ ತುದಿಯವರೆಗೆ ಅಡುಗೆಮನೆಯ ಮೇಜಿನಷ್ಟು ಉದ್ದ. ನೆವ್‌ನ ಭುಜದ ಮೇಲೆ ಗಲ್ಲ ಊರಿ ನಿದ್ದೆ ಮಾಡುತ್ತಿದ್ದಳು. ಅವಳಿಗೆ ಕೈಯಿಂದ ಊಟ ಕೊಡಬಾರದು, ಇಕ್ಕಳದಲ್ಲೇ ಕೊಡಬೇಕು ಎನ್ನುವುದು ಗ್ಲೆನಿಸ್ ಹಾಕಿದ ಕಟ್ಟಳೆ. ಕಟ್ಟಳೆ ಸರಿಯಾಗಿಯೇ ಇತ್ತು. ಎಡವಟ್ಟಾದದ್ದು ಇಕ್ಕಳದಿಂದ.

ನಮ್ಮ ಕಡೆ ಇಕ್ಕಳ ಕೈಗೆ ಬಂದರೆ ಅದನ್ನು ಎರಡು ಸಲ ಟಕ್ ಟಕ್ ಅನ್ನಿಸದೆ ಯಾರೂ ಮಾಂಸ ತಿರುವುವುದಿಲ್ಲ. ಯಾಕೆ ಎಂದರೆ ಯಾರಿಗೂ ಗೊತ್ತಿಲ್ಲ. ಅಪ್ಪ ಮಾಡುತ್ತಿದ್ದ, ನಾವೂ ಮಾಡುತ್ತೇವೆ. ನೆವ್ ಕೂಡ ಬೆರಿಲ್‌ಳ ಗೂಡಿನ ಮುಂದೆ ನಿಂತು ಇಕ್ಕಳವನ್ನು ಟಕ್ ಟಕ್ ಅನ್ನಿಸಿ, ಆಮೇಲೆ ಇಲಿ ಹಿಡಿದು ಚಾಚುತ್ತಿದ್ದ. ವರ್ಷಗಟ್ಟಲೆ ಹೀಗೇ ನಡೆಯಿತು. ಬೆರಿಲ್ ದಡ್ಡಿಯಲ್ಲ. ಟಕ್ ಟಕ್ ಎಂದರೆ ಊಟ. ಎದುರಿಗೆ ಬಂದದ್ದನ್ನು ಬಾಯಿಗೆ ಹಾಕಿಕೊಳ್ಳಬೇಕು. ಅವಳು ಕಲಿತ ಪಾಠ ಅಷ್ಟು.

ಆ ಶನಿವಾರ ಹಾರ್ಡ್‌ವೇರ್ ಅಂಗಡಿಯ ಅಂಗಳದಲ್ಲಿ ನಮ್ಮ ಸಂಘದ ಸಾಸೇಜ್ ಮಾರಾಟ. ಬ್ರೆಡ್ಡಿನೊಳಗೆ ಸಾಸೇಜ್, ಮೇಲೆ ಹುರಿದ ಈರುಳ್ಳಿ. ತಿನ್ನುವವರು ತಿಂದುಕೊಂಡು ಪಕ್ಕದ ಮೇಜಿನಲ್ಲಿರುವ ಆಮೆ, ಹಾವು, ಉಡಗಳನ್ನೂ ನೋಡಿಕೊಂಡು ಹೋಗಲಿ ಎಂಬುದು ನಮ್ಮ ಯೋಜನೆ. ಬೆಳಿಗ್ಗೆ ನೆವ್‌ನ ಅಡುಗೆಮನೆಯಲ್ಲಿ ನಾನು ಈರುಳ್ಳಿ ಹೆಚ್ಚುತ್ತ ಕೂತಿದ್ದೆ. ಗಂಡಹೆಂಡಿರ ಜಗಳ ನನ್ನ ತಲೆಯ ಮೇಲಿಂದ ಹಾರಾಡುತ್ತಿತ್ತು. ಕೈಮಾತು ತಿಳಿದವರಿಗೆ ಕಿವಿ ಮುಚ್ಚಿಕೊಂಡರೂ ಜಗಳ ಕೇಳಿಸುತ್ತದೆ.

"ಇವತ್ತು ಬೆರಿಲ್ ಮನೇಲಿರ್ಲಿ" ಎಂದವು ಗ್ಲೆನಿಸ್‌ಳ ಕೈಗಳು.

"ಯಾಕೆ? ಮಕ್ಳು ಬರೋದೇ ಅವಳನ್ನ ನೋಡೋಕೆ."

"ನೀನು ಸಾಸೇಜ್ ಬೇಯಿಸ್ತೀಯ. ಅದೇ ಕೈಲಿ ಅವಳನ್ನ ಎತ್ಕೋತೀಯ. ಅವಳಿಗೆ ನಿನ್ನ ಪ್ರೀತಿ ಗೀತಿ ಗೊತ್ತಾಗಲ್ಲ ಮಾರಾಯ, ವಾಸನೆ ಗೊತ್ತಾಗುತ್ತೆ. ಇವತ್ತು ನೀನು ಪೂರ್ತಿ ಊಟದ ವಾಸನೆ."

"ಇಷ್ಟು ವರ್ಷ ಆಯ್ತು, ಒಂದು ಸಲನಾದ್ರೂ ಕಚ್ಚಿದಾಳಾ? ಅವಳಿಗಿಂತ ನೀನೇ ಜಾಸ್ತಿ ಕಚ್ಚಿದೀಯ ನನ್ನ."

ಗ್ಲೆನಿಸ್ ಪಾತ್ರೆ ಒರೆಸುವ ಬಟ್ಟೆಯಲ್ಲಿ ಅವನ ಬೆನ್ನಿಗೊಂದು ಬಾರಿಸಿದಳು. ಆಮೇಲೆ ಅವನ ಗದ್ದ ಹಿಡಿದು ತನ್ನ ಕಡೆ ತಿರುಗಿಸಿಕೊಂಡಳು.

"ಇಷ್ಟು ದಿನ ಕಚ್ಚಿಲ್ಲ ಅಂದ್ರೆ ಅದೃಷ್ಟ. ಶಾಪಿಗೆ ಬರೋರೆಲ್ಲ ಇದನ್ನೇ ಹೇಳೋದು, ನಮ್ದು ಕಚ್ಚಲ್ಲ ಅಂತ. ಕೈಗೆ ಬ್ಯಾಂಡೇಜ್ ಸುತ್ಕೊಂಡೇ ಹೇಳ್ತಾರೆ. ಹೋಗ್ಲಿ, ಅವಳನ್ನ ಮುಟ್ಟೋ ಮುಂಚೆ ಸೋಪ್ ಹಾಕಿ ಕೈ ತೊಳಿ. ಅಷ್ಟಾದ್ರೂ ಮಾಡು."

"ತೊಳೀತೀನಿ ತಾಯಿ, ತೊಳೀತೀನಿ" ಎಂದು ನೆವ್ ಅವಳ ಹೆಸರನ್ನು ಕೆನ್ನೆಯ ಹತ್ತಿರ ಎರಡು ಸಲ ಮಡಚಿ ಬಿಚ್ಚಿದ. ಗ್ಲೆನಿಸ್ ನಕ್ಕುಬಿಟ್ಟಳು. ಅವಳ ಜಗಳಗಳೆಲ್ಲ ಅಲ್ಲಿಗೇ ಮುಗಿಯುತ್ತಿದ್ದವು.

ಅಂಗಳದಲ್ಲಿ ಜನವೋ ಜನ. ನೆವ್ ಒಲೆಯ ಮುಂದೆ ಏಪ್ರನ್ ಕಟ್ಟಿಕೊಂಡು ಸಾಸೇಜ್ ತಿರುವುತ್ತಿದ್ದ. ಗ್ಲೆನಿಸ್ ಬ್ರೆಡ್ಡಿನ ಮೇಜಿನಲ್ಲಿ. ಅವಳ ತಮ್ಮ ಡೂಗಲ್ ಪ್ರಾಣಿಗಳ ಮೇಜಿನ ಮುಂದೆ ನಿಂತು ಜನ ಕರೆಯುತ್ತಿದ್ದ. ಈ ಡೂಗಲ್‌ನ ನಾಲಿಗೆಗೆ ಎಲುಬಿಲ್ಲ ಎನ್ನುವುದು ಕಡಿಮೆಯಾಯಿತು. ಅವನ ಗಂಟಲಲ್ಲಿ ಒಂದು ಊರೇ ಇದೆ. ಮನುಷ್ಯರ ಹಾಗೆ ಗಹಗಹಿಸಿ ನಗುವ ಮಿಂಚುಳ್ಳಿ ಹಕ್ಕಿ, ಸ್ಟಾರ್ಟ್ ಆಗದ ಟ್ರ್ಯಾಕ್ಟರ್, ಸೀನುವ ಪಾದ್ರಿ, ಏನು ಬೇಕಾದರೂ ಬರುತ್ತಿತ್ತು.

"ಮೆರಿಡಿತ್, ಬಾಮ್ಮ ಬಾ! ನಮ್ಮ ಬೆರಿಲ್‌ನ ನೋಡಿದೀಯಾ? ನಿನ್ನ ಗಂಡನಿಗಿಂತ ಚೆನ್ನಾಗಿ ಮೈ ತೊಳ್ಕೋತಾಳೆ!"

ಮೆರಿಡಿತ್ ಅಂಚೆ ಕಚೇರಿಯ ಹುಡುಗಿ. ಪಕ್ಕದಲ್ಲಿ ಮಗಳು ಟಿಲ್ಲಿ, ಶಾಲೆಗೆ ಆಗಷ್ಟೇ ಸೇರಿದ ಮಗು. ಟಿಲ್ಲಿಗೆ ಉಡ ಮುಟ್ಟಬೇಕಂತೆ.

"ನೆವ್! ಬಾವ! ಬಾರೋ, ನಿನ್ನ ಮಗಳನ್ನ ಎತ್ಕೋ!" ಎಂದು ಡೂಗಲ್ ಕೂಗಿದ.

ನೆವ್ ಇಕ್ಕಳವನ್ನು ಇನ್ನೊಬ್ಬರ ಕೈಗೆ ಕೊಟ್ಟು, ಕೈಯನ್ನು ಏಪ್ರನ್ನಿಗೆ ಒರೆಸಿಕೊಂಡು ಬಂದ. ತೊಳೆಯಲಿಲ್ಲ. ನಲ್ಲಿ ಅಂಗಡಿಯ ಹಿಂದೆ ಇತ್ತು, ಮಗು ಮುಂದೆ ಕಾಯುತ್ತಿತ್ತು. ನಾವ್ಯಾರಾದರೂ ಅವನ ಜಾಗದಲ್ಲಿದ್ದರೆ ಅಷ್ಟೇ ಮಾಡುತ್ತಿದ್ದೆವು.

ಬೆರಿಲ್ ಅವನ ಎಡ ತೋಳಿನ ಮೇಲೆ ಉದ್ದಕ್ಕೆ ಮಲಗಿದಳು. ನೆವ್ ಮಂಡಿಯೂರಿ ಕೂತು, ಮಗುವಿನ ಎತ್ತರಕ್ಕೆ ಬಂದು, ಬಲಗೈಯಿಂದ ಬೆರಿಲ್‌ಳ ಗಲ್ಲದ ಕೆಳಗೆ ಸವರತೊಡಗಿದ. "ಇಲ್ಲಿ ಅಲ್ಲ ಪುಟ್ಟಿ, ಬೆನ್ನು ಮುಟ್ಟು" ಎಂದ.

ಆಗ ಡೂಗಲ್‌ಗೆ ತಮಾಷೆ ಹೊಳೆಯಿತು. ನಾಲಿಗೆಯನ್ನು ಅಂಗುಳಿಗೆ ಹೊಡೆದು, ನೆವ್‌ನ ಇಕ್ಕಳ ಸದ್ದು ಮಾಡಿದ ಹಾಗೆಯೇ, ಟಕ್ ಟಕ್ ಎಂದ.

ಬೆರಿಲ್ ಥಟ್ಟನೆ ತಲೆಯೆತ್ತಿದಳು. ಜನ ಗೊಳ್ಳೆಂದು ನಕ್ಕರು. "ಊಟಕ್ಕೆ ಕರೆದ್ರೆ ನಮ್ಮಜ್ಜಿ ಹಿಂಗೇ ಎದ್ದು ಕೂರೋದು" ಎಂದರು ಯಾರೋ. ಡೂಗಲ್ ಮತ್ತೊಮ್ಮೆ ಟಕ್ ಟಕ್ ಎಂದ. ಬೆರಿಲ್ ನಾಲಿಗೆ ಚಾಚಿ ಗಾಳಿಯನ್ನು ನೆಕ್ಕಿದಳು. ಗಾಳಿಯ ತುಂಬ ಸಾಸೇಜ್. ಗಲ್ಲದ ಕೆಳಗಿನ ಕೈಯ ತುಂಬ ಸಾಸೇಜ್.

ನಮಗೆಲ್ಲ ಸದ್ದು ಕೇಳಿಸುತ್ತಿತ್ತು, ನಗುತ್ತಿದ್ದೆವು. ಸದ್ದು ಕೇಳಿಸದ ಗ್ಲೆನಿಸ್ ಒಬ್ಬಳಿಗೆ ಬೆರಿಲ್ ಕಾಣಿಸುತ್ತಿದ್ದಳು. ಗಂಟಲು ಉಬ್ಬಿದ್ದು, ಕತ್ತು ಹಿಂದಕ್ಕೆ ಬಾಗಿದ್ದು, ಒಂದೇ ಸಮನೆ ಆಡುತ್ತಿದ್ದ ನಾಲಿಗೆ ಹಠಾತ್ತನೆ ನಿಂತದ್ದು. ಅವಳು ಕೈಬೀಸಿದಳು. ನೆವ್ ನೋಡಲಿಲ್ಲ. ಆಗ ಗ್ಲೆನಿಸ್ ಬಾಯಿ ತೆರೆದು ಕೂಗಿದಳು. ಊರಲ್ಲಿ ಯಾರೂ ಕೇಳದ ದನಿ ಅದು. ಮನೆಯೊಳಗೆ ನೆವ್ ಒಬ್ಬನೇ ಕೇಳಿದ್ದ ದನಿ. ಎಲ್ಲರೂ ತಿರುಗಿದರು. ನೆವ್ ಕೂಡ ತಿರುಗಿದ. ಏನನ್ನೂ ಗಮನಿಸದ ಡೂಗಲ್ ಮೂರನೆಯ ಸಲ ಟಕ್ ಟಕ್ ಎಂದ.

ಬೆರಿಲ್ ಊಟ ಹಿಡಿದಳು.

ಎರಡು ಬೆರಳು ಬುಡದವರೆಗೆ ಅವಳ ಬಾಯಲ್ಲಿದ್ದವು. ಮಗುವಿನ ಕೆನ್ನೆ ಅಲ್ಲಿಂದ ಒಂದು ಗೇಣು ದೂರದಲ್ಲಿತ್ತು. ಮೆರಿಡಿತ್ ಮಗುವನ್ನು ಬಾಚಿಕೊಂಡು ಹಿಂದೆ ಸರಿದಳು. ನೆವ್ ಎಲ್ಲ ಮನುಷ್ಯರೂ ಮಾಡುವ ಕೆಲಸ ಮಾಡಿದ, ಕೈಯನ್ನು ಜಗ್ಗಿ ಎಳೆದ. ಉಡದ ಹಲ್ಲು ಹಿಂದಕ್ಕೆ ಬಾಗಿರುತ್ತದೆ, ಅಂಚು ಗರಗಸದ ಹಾಗಿರುತ್ತದೆ. ನಾವು ಎಳೆದಷ್ಟೂ ಗರಗಸ ಕೊಯ್ಯುತ್ತದೆ. ಬೆರಿಲ್ ಇನ್ನೂ ಬಿಗಿಯಾಗಿ ಕಚ್ಚಿ ತಲೆ ಒದರಿದಳು.

ಗ್ಲೆನಿಸ್ ಓಡಿ ಬಂದು, ತನ್ನ ಮೈಯನ್ನೇ ಅವನ ತೋಳಿಗೆ ಒತ್ತಿ, ಎಳೆಯದ ಹಾಗೆ ತಡೆದಳು. ಬೆರಿಲ್‌ಳ ಹೊಟ್ಟೆಯ ಕೆಳಗೆ ಕೈಕೊಟ್ಟು ಮೆಲ್ಲಗೆ ನೆಲಕ್ಕಿಳಿಸಿದಳು. ನೆವ್‌ನನ್ನೂ ಜೊತೆಯಲ್ಲೇ ನೆಲಕ್ಕೆ ಬಗ್ಗಿಸಿದಳು. ಯಾರೂ ಮುಟ್ಟಬೇಡಿ ಎಂದು ನಮ್ಮನ್ನೆಲ್ಲ ಕಣ್ಣಿನಲ್ಲೇ ದೂರ ನಿಲ್ಲಿಸಿದಳು. ನಾಲ್ಕು ಕಾಲಿಗೂ ನೆಲ ಸಿಕ್ಕಿ, ಸುತ್ತ ಸದ್ದಡಗಿದ ಮೇಲೆ, ಬೆರಿಲ್ ತಾನಾಗಿ ಬಾಯಿ ಬಿಟ್ಟಳು. ಬಾಯಿ ಬಿಟ್ಟು ಸುತ್ತ ನೋಡಿದಳು, ಊಟ ಎಲ್ಲಿ ಹೋಯಿತು ಎನ್ನುವ ಹಾಗೆ.

ಇಲ್ಲಿಗೆ ನಿಂತಿದ್ದರೂ ಬೆರಳು ಉಳಿಯುತ್ತಿತ್ತೋ ಏನೋ. ಆದರೆ ನೆವ್ ಟ್ರೆಗಾರ್ ಬೇಲಿ ಕಟ್ಟುವವನು. ಬೇಲಿ ಕಟ್ಟುವವರ ಪೆಟ್ಟಿಗೆಯಲ್ಲಿ ಎಲ್ಲ ರೋಗಕ್ಕೂ ಒಂದೇ ಔಷಧಿ, ಕರೆಂಟಿನವರ ಕಪ್ಪು ಟೇಪು. ರಕ್ತ ನಿಲ್ಲುತ್ತಿರಲಿಲ್ಲ. ಅವನು ಚಿಂದಿಬಟ್ಟೆ ಸುತ್ತಿ ಅದರ ಮೇಲೆ ಟೇಪು ಬಿಗಿದ.

"ಬಾವ, ನಂದು ತಪ್ಪಾಯ್ತು ಕಣೋ" ಎಂದ ಡೂಗಲ್. ಅವನ ಮುಖ ಸುಣ್ಣದ ಹಾಗಿತ್ತು.

"ನಿಂದೇನೋ ತಪ್ಪು? ಬೆರಿಲ್ ಸಾಸೇಜ್ ಅಂದ್ಕೊಂಡ್ಲು. ನನ್ನ ಬೆರಳು ನೋಡು, ಯಾರಾದ್ರೂ ಮೋಸ ಹೋಗ್ತಾರೆ."

"ಆಸ್ಪತ್ರೆಗೆ. ಈಗಲೇ" ಎಂದವು ಗ್ಲೆನಿಸ್‌ಳ ಕೈಗಳು.

ನೆವ್ ಎಡಗೈಯಲ್ಲಿ ಉತ್ತರ ಕೊಟ್ಟ. "ಗೀರು ಅಷ್ಟೆ. ನಾಳೆ ನೋಡೋಣ."

"ಬೆರಳು ಮಡಚು ನೋಡೋಣ."

"ನೋವಿದೆ. ನಾಳೆ ಮಡಚ್ತೀನಿ."

ಅವನು ಒಲೆಯ ಮುಂದೆ ಹೋಗಿ ಎಡಗೈಯಲ್ಲಿ ಸಾಸೇಜ್ ತಿರುವತೊಡಗಿದ. ಜನ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ. ನಮ್ಮ ಕಡೆ ಇದಕ್ಕೆ ಗಂಡಸುತನ ಎನ್ನುತ್ತಾರೆ.

ನಾಳೆ ಬಂತು, ಹೋಯಿತು. ಅದರ ಮರುದಿನದ ಹೊತ್ತಿಗೆ ಕೈ ಬೇಕರಿಯ ಬನ್ನಿನ ಹಾಗೆ ಉಬ್ಬಿ, ಮೊಣಕೈವರೆಗೆ ಕೆಂಪು ಗೆರೆ ಏರಿತ್ತು. ಜ್ವರದಲ್ಲಿ ನಡುಗುತ್ತಿದ್ದವನನ್ನು ಗ್ಲೆನಿಸ್ ಕಾರಿಗೆ ಹಾಕಿಕೊಂಡು ದೊಡ್ಡಾಸ್ಪತ್ರೆಗೆ ಓಡಿಸಿದಳು. ಒಳಗೆ ಹಲ್ಲಿನ ಚೂರೊಂದು ಮುರಿದು ಉಳಿದಿತ್ತು. ಕೀವು ತುಂಬಿತ್ತು. ಎರಡು ಬೆರಳಿನ ಸ್ನಾಯುರಜ್ಜುಗಳು, ಬೆರಳನ್ನು ಮಡಚುವ ದಾರದಂಥವು, ತುಂಡಾಗಿದ್ದವು.

"ನಿಮ್ಮ ಬೇಲಿ ತಂತಿ ಹಾಗೇ ಇವು. ಕಡಿದು ಹೋಗಿವೆ" ಎಂದು ಡಾಕ್ಟರಮ್ಮ ಅವನಿಗೆ ತಿಳಿಯುವ ಹಾಗೆ ಹೇಳಿದರು.

"ಹಾಗಾದ್ರೆ ಎಳೆದು ಗಂಟು ಹಾಕಿ" ಎಂದ ನೆವ್.

"ಕಚ್ಚಿದ ದಿನವೇ ಬಂದಿದ್ರೆ ಹಾಕ್ತಿದ್ದೆ. ಈಗ ಮೊದಲು ಕೀವು ತೆಗೀಬೇಕು. ಆಮೇಲೆ ಎಷ್ಟು ಉಳಿದಿದೆ ನೋಡ್ಬೇಕು."

ಹೆಚ್ಚೇನೂ ಉಳಿದಿರಲಿಲ್ಲ. ಒಂದಾದ ಮೇಲೊಂದು ಆಪರೇಷನ್ ಆದವು. ಕೈಯನ್ನು ಬಿಳಿ ಪೊಟ್ಟಣ ಮಾಡಿ ಕಟ್ಟಿದರು. ನಾನು ನೋಡಲು ಹೋದ ದಿನ ನೆವ್ ದಿಂಬಿಗೊರಗಿದ್ದ. ಗ್ಲೆನಿಸ್ ಪಕ್ಕದಲ್ಲಿ ಕೂತಿದ್ದಳು. ಅವನು ಎಡಗೈಯನ್ನು ಎಡಕೆನ್ನೆಗೆ ತಂದು ಎರಡು ಬೆರಳು ಮಡಚಿ ಬಿಚ್ಚಿದ. ಅವಳ ಹೆಸರೇ. ಗ್ಲೆನಿಸ್ ಸ್ವಲ್ಪ ಹೊತ್ತು ನೋಡಿದಳು.

"ಬೇರೆ ಯಾರೋ ಕರೆದ ಹಾಗಿದೆ" ಎಂದಳು. "ಡೂಗಲ್ ನಿನ್ನ ಮಿಮಿಕ್ರಿ ಮಾಡ್ತಿದ್ದಾನೇನೋ ಅನ್ಸುತ್ತೆ."

ತಮಾಷೆಗೆಂದೇ ಹೇಳಿದ್ದಳು. ಆದರೆ ನೆವ್ ಎಡಗೈಯನ್ನು ಹೊದಿಕೆಯೊಳಗೆ ಸೇರಿಸಿಕೊಂಡ. ಆಮೇಲೆ ಆ ಕೈಯಲ್ಲಿ ಆ ಹೆಸರನ್ನು ಮತ್ತೆ ಹೇಳಲಿಲ್ಲ.

ಮನೆಗೆ ಬಂದ ಮೇಲೆ ವ್ಯಾಯಾಮ. ಸಿನಾ ಎನ್ನುವ ನರ್ಸಮ್ಮ ಹಿಟ್ಟಿನಂಥ ಮುದ್ದೆ ಕೊಟ್ಟು ಹಿಸುಕಿಸುತ್ತಿದ್ದಳು. "ಹಿಸುಕಿ ಅಂಕಲ್, ಅದು ನಿಮ್ಮ ಮೈದುನನ ಕತ್ತು ಅಂದ್ಕೊಳಿ" ಎಂದು ನಗಿಸುತ್ತಿದ್ದಳು. ಮೂರು ಬೆರಳು ಬಂದವು. ಎರಡು ಬರಲಿಲ್ಲ. ಅವು ಹೊಸದಾಗಿ ನೆಟ್ಟ ಕಂಬಗಳ ಹಾಗೆ ನೆಟ್ಟಗೇ ನಿಂತವು. ಇನ್ನು ಇಷ್ಟೇ ಎಂದು ಸಿನಾ ಹೇಳಿದ ದಿನ, ನೆವ್ ಅಡುಗೆಮನೆಗೆ ಬಂದು, ಪಾತ್ರೆ ತೊಳೆಯುತ್ತಿದ್ದ ಹೆಂಡತಿಯ ಭುಜ ತಟ್ಟಿದ. ಅವಳು ತಿರುಗಿದಳು. ಅವನು ಬಲಗೈಯನ್ನು ಕೆನ್ನೆಗೆ ತಂದ. ಮಡಚಲು ನೋಡಿದ. ಕೈ ನಡುಗಿತೇ ಹೊರತು ಹೆಸರು ಬರಲಿಲ್ಲ.

ಗ್ಲೆನಿಸ್ ಮತ್ತೆ ಪಾತ್ರೆಯ ಕಡೆ ತಿರುಗಿಕೊಂಡಳು. ಅಳುವುದು ಕಾಣಿಸಬಾರದೆಂದು. ಆದರೆ ಅವರ ಮನೆಯಲ್ಲಿ ಬೆನ್ನು ತಿರುಗಿಸುವುದೆಂದರೆ ಬಾಗಿಲು ಹಾಕಿಕೊಂಡ ಹಾಗೆ. ಅವಳಿಗೆ ಮಾತು ಬೇಡವಾಯಿತು ಎಂದುಕೊಂಡ ನೆವ್. ಅವನಿಗೆ ತಾನು ಬೇಡವಾದೆ ಎಂದುಕೊಂಡಳು ಅವಳು. ಹತ್ತು ಬೆರಳಲ್ಲಿ ಊರ ಸುದ್ದಿಯೆಲ್ಲ ಹಾರಾಡುತ್ತಿದ್ದ ಮನೆಯಲ್ಲಿ ಎರಡು ಜೊತೆ ಕೈ ಮಡಿಲಲ್ಲಿ ಕೂತವು. ಊಟ ಬೇಕಾ, ಬೇಕು. ಬೀಗ ಹಾಕಿದೆಯಾ, ಹಾಕಿದೆ. ಅಷ್ಟೇ. ನೆವ್ ಸಂಘಕ್ಕೆ ಬರುವುದನ್ನೂ ಬಿಟ್ಟ. ಡೂಗಲ್ ಮಿಮಿಕ್ರಿ ಬಿಟ್ಟ. ಬಾರಿನಲ್ಲಿ ಯಾರಾದರೂ "ಎಲ್ಲೋ ನಿನ್ನ ಟ್ರ್ಯಾಕ್ಟರ್?" ಎಂದರೆ ಎದ್ದು ಹೋಗುತ್ತಿದ್ದ. ನನಗೂ ಆ ವರ್ಷ ಹೇಳಿಕೊಳ್ಳುವಂಥ ಜೋಕು ಹೊಳೆಯಲಿಲ್ಲ.

ಇಷ್ಟರಲ್ಲಿ ಮೆರಿಡಿತ್ ಸಂಘದ ಬಾಗಿಲಿಗೆ ಬಂದಳು. ಜೊತೆಯಲ್ಲಿ ಟಿಲ್ಲಿ. ಅಷ್ಟೆಲ್ಲ ನೋಡಿದ ಮೇಲೂ ಮಗುವಿಗೆ ಉಡದ ಮರಿಯೇ ಬೇಕಂತೆ.

"ಚಿಕ್ಕ ಜಾತಿದು ಸಿಗುತ್ತಂತಲ್ಲ, ಮುಳ್ಳು ಬಾಲದ್ದು. ಬೆರಿಲ್ ಥರ ರಾಕ್ಷಸಿ ಅಲ್ಲ. ಅದೇನ್ ಮಾಡೀತು?" ಎಂದಳು ಮೆರಿಡಿತ್.

"ನನ್ನನ್ನ ಕೇಳ್ಬೇಡ. ನಾನು ಅರ್ಧ ಸುಳ್ಳು ಹೇಳ್ತೀನಿ. ಬಾ" ಎಂದು ನದಿ ಬೀದಿಗೆ ಕರೆದುಕೊಂಡು ಹೋದೆ.

ಡೂಗಲ್ ಹಿತ್ತಲಿನಲ್ಲಿ ಬೆರಿಲ್‌ಳ ಗೂಡಿಗೆ ಹೊಸ ಬಾಗಿಲು ಕೂಡಿಸುತ್ತಿದ್ದ. ಊಟದ ತಟ್ಟೆ ಒಳಗಿಡಲು ಬೇರೆಯೇ ಒಂದು ಕಿಂಡಿ. ನೆವ್ ಬಲೆಯ ಈಚೆ ಕುರ್ಚಿ ಹಾಕಿಕೊಂಡಿದ್ದ. ಬೆರಿಲ್ ಬಲೆಯ ಆಚೆ ಬಿಸಿಲಿಗೆ ಮಲಗಿದ್ದಳು. ಆ ಶನಿವಾರದಿಂದ ಈಚೆಗೆ ಅವಳನ್ನು ಯಾರೂ ಎತ್ತಿಕೊಂಡಿರಲಿಲ್ಲ. ಗ್ಲೆನಿಸ್ ಚಹಾ ತಂದಿಟ್ಟಳು.

ಮೆರಿಡಿತ್ ತನ್ನ ಪ್ರಶ್ನೆ ಕೇಳಿದಳು. ಬಾಯಿ ಬಿಡದ ನೆವ್ ಬಾಯಿ ಬಿಟ್ಟ.

"ಚಿಕ್ಕದು ಕಚ್ಚಿದ್ರೆ ಗಾಯ ಚಿಕ್ಕದು, ನಿಜ. ಆದ್ರೆ ಮಗು ಕೈನೂ ಚಿಕ್ಕದಲ್ವೇನಮ್ಮ? ಉಡಕ್ಕೆ ನಮ್ಮ ಮುದ್ದು ಬೇಕಿಲ್ಲ. ಬಿಸಿಲು ಬೇಕು, ಅಗೆಯೋಕೆ ಮಣ್ಣು ಬೇಕು, ಊಟ ಬೇಕು. ಮುದ್ದು ಬೇಕಿರೋದು ನಮಗೆ. ಆ ಮುದ್ದಿಗೆ ನಾನು ಕಟ್ಟಿದ ಬೆಲೆ ನೋಡು." ಬಲಗೈ ತೋರಿಸಿ, ತಕ್ಷಣ ಕೆಳಗಿಳಿಸಿದ.

ಗ್ಲೆನಿಸ್ ಕೈಯಲ್ಲಿ ಹೇಳಿದಳು, ಡೂಗಲ್ ಅದನ್ನು ಬಾಯಲ್ಲಿ ಹೇಳಿದ. "ಅಕ್ಕ ಹೇಳ್ತಿದ್ದಾಳೆ, ಊಟದ ಸದ್ದು, ಊಟದ ವಾಸನೆ ಇರೋ ಕಡೆ ಅದನ್ನ ಎತ್ತಲೇಬಾರದಂತೆ. ಕೈಯಿಂದ ತಿನ್ನಿಸಬಾರದು, ತಟ್ಟೇಲಿಟ್ಟು ಬಾಗಿಲು ಹಾಕ್ಬೇಕು. ಮುಟ್ಟೋ ಮುಂಚೆ ಸೋಪು, ಮುಟ್ಟಿದ ಮೇಲೂ ಸೋಪು. ಎತ್ತೋಕೆ ಮುಂಚೆ ಉದ್ದ ಕಡ್ಡೀಲಿ ಮೆತ್ತಗೆ ಬೆನ್ನು ಮುಟ್ಟಿದ್ರೆ ಇದು ಊಟ ಅಲ್ಲ ಅಂತ ಅದಕ್ಕೆ ತಿಳಿಯುತ್ತಂತೆ. ಗಂಟಲು ಉಬ್ಸಿದ್ರೆ, ಬುಸ್ ಅಂದ್ರೆ, ಕತ್ತು ಬಗ್ಗಿಸಿದ್ರೆ ಅವತ್ತು ಬಿಟ್ಬಿಡಿ ಅಂತಾಳೆ. ಮುಖದ ಹತ್ರ ಯಾವತ್ತೂ ಬೇಡ. ಮಗು ನೋಡ್ಲಿ, ಎತ್ತೋದು ಬೇಡ."

"ಕಚ್ಚೇಬಿಟ್ರೆ?" ಎಂದಳು ಮೆರಿಡಿತ್.

"ಎಳೀಬೇಡ" ಎಂದ ನೆವ್. "ಜೀವ ಹೋಗ್ತಿದೆ ಅನ್ಸುತ್ತೆ, ಆದ್ರೂ ಎಳೀಬೇಡ. ನೆಲಕ್ಕಿಳಿಸು, ಸುಮ್ನಿರು, ಅದೇ ಬಿಡುತ್ತೆ. ಆಮೇಲೆ ನಲ್ಲಿ ನೀರು, ಸೋಪು, ಚೆನ್ನಾಗಿ ತೊಳಿ. ಚೊಕ್ಕ ಬಟ್ಟೆ ಒತ್ತಿ ಹಿಡಿದು ನೆಟ್ಟಗೆ ಆಸ್ಪತ್ರೆಗೆ. ಅವತ್ತೇ. ಗೀರು ಅಂತ ಕಂಡ್ರೂ ಅವತ್ತೇ. ಟೇಪು ಬೇಲಿಗೆ, ಕೈಗಲ್ಲ."

"ನಿಮಗೆ ಬೆರಿಲ್ ಮೇಲೆ ಕೋಪ ಬರಲ್ವಾ?"

ನೆವ್ ಬಲೆಯ ಆಚೆ ನೋಡಿದ. "ಅವಳು ನನ್ನ ಕಚ್ಚಲೇ ಇಲ್ಲಮ್ಮ. ಊಟ ಮಾಡಿದ್ಲು. ಊಟದ ಜಾಗದಲ್ಲಿ ನಾನಿದ್ದೆ, ಅಷ್ಟೆ."

ಮೆರಿಡಿತ್ ಮಗಳ ತಲೆ ಸವರಿ, "ಈ ವರ್ಷ ಇಲ್ಲಿಗೇ ಬಂದು ನೋಡೋಣ ಪುಟ್ಟಿ. ನೋಡೋದು ಚೆನ್ನಾಗಿ ಕಲ್ತ ಮೇಲೆ ಸಾಕೋ ವಿಷಯ" ಎಂದಳು. ಟಿಲ್ಲಿ ಮುಖ ಊದಿಸಿಕೊಂಡಿತು, ಆದರೆ ಒಪ್ಪಿತು.

ನಮ್ಮ ಸಂಘ ಹಂಚುತ್ತಿರುವ ಈ ಕರಪತ್ರ ಹಿಡಿದಿರುವವರೇ, ನಿಮ್ಮ ಮನೆಯಲ್ಲೂ ಒಬ್ಬಳು ಬೆರಿಲ್ ಇರಬಹುದು. ನಿಮ್ಮ ಭುಜದ ಮೇಲೆ ನಿದ್ದೆ ಮಾಡುತ್ತಿರಬಹುದು. ನನ್ನದು ಕಚ್ಚುವುದಿಲ್ಲ ಎಂದು ನೀವು ಹೇಳುತ್ತಿರಬಹುದು, ಅದು ಈವರೆಗೆ ನಿಜವೂ ಇರಬಹುದು. ಅವಳನ್ನು ಎತ್ತಿಕೊಳ್ಳುವ ಮುಂಚೆ ನಿಮ್ಮ ಬಲಗೈಯನ್ನು ಒಮ್ಮೆ ನೋಡಿಕೊಳ್ಳಿ. ಆ ಕೈ ದಿನವೂ ಯಾರಿಗೆ ಏನು ಹೇಳುತ್ತದೆ, ಯಾರ ತಲೆ ಸವರುತ್ತದೆ ಎಂದು ಯೋಚಿಸಿ. ಯೋಚಿಸುತ್ತಲೇ ನಲ್ಲಿಯ ತನಕ ಹೋಗಿ, ಸೋಪು ಹಚ್ಚಿ ತೊಳೆಯಿರಿ. ನಲ್ಲಿ ಅಂಗಡಿಯ ಹಿಂದಿದ್ದರೂ ಹೋಗಿ. ಮಗು ಕಾಯುತ್ತಿದ್ದರೆ ಕಾಯಲಿ.

ಅಂದು ನಾವು ಹೊರಡುವ ಮುಂಚೆ ಇನ್ನೊಂದು ನಡೆಯಿತು. ಟಿಲ್ಲಿ ಗ್ಲೆನಿಸ್‌ಳನ್ನೇ ನೋಡುತ್ತಿತ್ತು. ನೆವ್‌ನ ಅಂಗಿ ಜಗ್ಗಿ, "ಆಂಟಿ ಹೆಸರು ಕೈಲಿ ಹೆಂಗೆ ಹೇಳೋದು?" ಎಂದು ಕೇಳಿತು.

ಡೂಗಲ್ ಸುತ್ತಿಗೆ ಕೆಳಗಿಟ್ಟ. ನಾನು ಚಹಾದ ಲೋಟದೊಳಗೆ ನೋಡಿದೆ. ನೆವ್‌ನ ಬಲಗೈ ಅಭ್ಯಾಸಬಲದಿಂದ ಕೆನ್ನೆಯ ತನಕ ಹೋಯಿತು. ಅಲ್ಲೇ ನಿಂತಿತು. ಎರಡು ಬೆರಳು ಕಂಬದ ಹಾಗೆ. ಅವನು ಕೈಯನ್ನು ಹಿಂದಕ್ಕೆ ಎಳೆದುಕೊಳ್ಳಬೇಕು ಎನ್ನುವಷ್ಟರಲ್ಲಿ ಗ್ಲೆನಿಸ್ ಎದ್ದು ನಿಂತಳು.

ಮಗುವಿನ ಎದುರು ಬಂದು, ತನ್ನ ಬಲಗೈಯ ಎರಡು ಬೆರಳನ್ನು ನೆಟ್ಟಗೆ, ಒಂದಿಷ್ಟೂ ಮಡಚದೆ, ಕೆನ್ನೆಯ ಹತ್ತಿರ ಹಿಡಿದಳು. ಥೇಟ್ ನೆವ್‌ನ ಹಾಗೆ ಸಣ್ಣಗೆ ನಡುಗಿಸಿದಳು.

"ಇದೇ ನನ್ನ ಹೆಸರು" ಎಂದಳು ಕೈಯಲ್ಲಿ, ಡೂಗಲ್ ಮಗುವಿಗೆ ಬಾಯಲ್ಲಿ ಹೇಳಿದ. "ಮುಂಚೆ ಬೇರೆ ಇತ್ತು. ಈಗ ಇದು."

ಟಿಲ್ಲಿ ಬೆರಳು ಸೆಟೆಸಿ ಹಾಗೇ ಹೇಳಿತು. ಗ್ಲೆನಿಸ್‌ಳ ಕೆನ್ನೆಯಲ್ಲಿ ಗುಳಿ ಬಿತ್ತು. ನೆವ್ ಅವಳನ್ನೇ ನೋಡುತ್ತಿದ್ದ. ಅವನ ಕಣ್ಣು ತುಂಬಿತ್ತು. ಅವನು ಇನ್ನೇನು ಅಳಬೇಕು, ಅಷ್ಟರಲ್ಲಿ ಗ್ಲೆನಿಸ್ ಸೊಂಟ ಹಿಂದಕ್ಕೆ ಹಾಕಿ, ಹೊಟ್ಟೆ ಮುಂದೆ ತಂದು, ನೆವ್ ಟ್ರೆಗಾರ್ ಆಗಿಬಿಟ್ಟಳು. ಆ ಸೆಟೆದ ಎರಡು ಬೆರಳನ್ನೇ ಗಾಳಿಯಲ್ಲಿ ಬೀಸುತ್ತ, ಅವನದೇ ಗತ್ತಿನಲ್ಲಿ, ಒಂದೊಂದೇ ಮಾತು ಬಿಡಿಸಿ ಹೇಳಿದಳು.

"ಇಷ್ಟು ವರ್ಷ ಆಯ್ತು, ಒಂದು ಸಲನಾದ್ರೂ ಕಚ್ಚಿದಾಳಾ?"

ಡೂಗಲ್ ತಲೆ ತಗ್ಗಿಸಿದ. ನಗಬೇಕೋ ಬೇಡವೋ ತಿಳಿಯದೆ ನಾವೆಲ್ಲ ನೆವ್‌ನ ಮುಖ ನೋಡಿದೆವು. ಅವನ ಗಂಟಲಿನಿಂದ ಮೊದಲು ಸ್ಟಾರ್ಟ್ ಆಗದ ಟ್ರ್ಯಾಕ್ಟರಿನಂಥ ಸದ್ದೊಂದು ಬಂತು. ಆಮೇಲೆ ಸ್ಟಾರ್ಟ್ ಆಯಿತು. ಡೂಗಲ್ ನಕ್ಕ, ಮೆರಿಡಿತ್ ನಕ್ಕಳು, ನಾನು ನಕ್ಕೆ. ನಮ್ಮೆಲ್ಲರಿಗಿಂತ ಜೋರಾಗಿ ನಕ್ಕವನು ನೆವ್. ಗ್ಲೆನಿಸ್ ಅವನ ಎದೆಯ ಮೇಲೆ ಅಂಗೈ ಊರಿ, ಆ ನಗುವನ್ನು ಕೊನೆಯವರೆಗೆ ಕೇಳಿಸಿಕೊಂಡಳು.